ಆ ಕಡಲಿನಲ್ಲಿ ಹಡಗುಗಳಿದ್ದವು

ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಕಡಲತೀರದ ಸನ್ಯಾಸಿ’ಯಲ್ಲಿ ನೋಡಲು ಏನೂ ಇಲ್ಲವೆಂದೂ, ಕಾಲಕ್ಕೆ ತಕ್ಕಂತೆ ಬದಲಾಗದೆ ಬಡತನದಲ್ಲಿ ಸತ್ತವನನ್ನು ಮೆರೆಸುವುದು ಸರಿಯಲ್ಲವೆಂದೂ ಬರೆದಿದ್ದೀರಿ. ಇಷ್ಟು ನೇರವಾಗಿ ಬರೆಯುವ ಓದುಗರು ಇರುವುದು ನಮ್ಮ ಭಾಗ್ಯ.

ಕೊನೆಗಾಲದ ಮಟ್ಟಿಗೆ ನಿಮ್ಮ ಮಾತು ನಿಜ. ಜನರ ಅಭಿರುಚಿ ಬದಲಾಗಿ ಕೊಳ್ಳುವವರು ಕಡಿಮೆಯಾದರು. 1835ರಲ್ಲಿ ಪಾರ್ಶ್ವವಾಯು ಬಡಿಯಿತು. ರಷ್ಯಾದ ಕವಿ, ಅಲ್ಲಿನ ಯುವರಾಜನ ಗುರು ಝುಕೋವ್‌ಸ್ಕಿ ಆ ಅರಮನೆಯವರಿಂದ ಚಿತ್ರ ಕೊಳ್ಳಿಸಿ ನೆರವಾಗಬೇಕಾಯಿತು.

ಆದರೆ ಆ ಚಿತ್ರದ ಕಡಲು ಮೊದಲಿನಿಂದಲೂ ಖಾಲಿಯಾಗಿರಲಿಲ್ಲ. ಅವಗೆಂಪು (ಇನ್‌ಫ್ರಾರೆಡ್) ಕಿರಣಗಳಲ್ಲಿ ನೋಡಿದಾಗ ಬಣ್ಣದ ಅಡಿಯಲ್ಲಿ ಹಡಗುಗಳ ರೇಖೆಗಳು ಕಂಡಿವೆ. ಹಡಗು ಬರೆಯಲು ಬಾರದೆ ಬಿಟ್ಟವನಲ್ಲ ಆತ; ಬಾಲ್ಟಿಕ್ ತೀರದ ಗ್ರೈಫ್ಸ್‌ವಾಲ್ಡ್‌ನಲ್ಲಿ 1774ರಲ್ಲಿ ಹುಟ್ಟಿ ಹಡಗುಗಳನ್ನು ನೋಡುತ್ತಲೇ ಬೆಳೆದವನು, ಕಟ್ಟಿದ ಹಾಯಿಗಳನ್ನು ಒಂದೊಂದಾಗಿ ಇಳಿಸಿ, ನಿಂತ ಒಬ್ಬ ಮನುಷ್ಯ ಮತ್ತು ಆಕಾಶ ಇಷ್ಟನ್ನೇ ಉಳಿಸಿಕೊಂಡನು. 1810ರಲ್ಲಿ ಬರ್ಲಿನ್ನಿನ ಪ್ರದರ್ಶನಕ್ಕೆ ಬಂದ ಇದನ್ನು ಪ್ರಷ್ಯದ ದೊರೆಯೇ ಕೊಂಡುಕೊಂಡನು ಎಂಬುದನ್ನು, ಮಾರಾಟವನ್ನೇ ಅಳತೆಗೋಲು ಮಾಡಿದ ತಾವು ಮರೆಯಬಾರದಿತ್ತು.

ಬದಲಾಗಲಿಲ್ಲ ಎಂದಿರಿ. 1816ರಲ್ಲಿ ಮಹಾಕವಿ ಗಯಟೆ, ಇಂಗ್ಲೆಂಡಿನ ಹವಾಮಾನ ಅಧ್ಯಯನಕಾರ ಲ್ಯೂಕ್ ಹೋವರ್ಡ್‌ನ ಮೋಡಗಳ ವರ್ಗೀಕರಣಕ್ಕೆ ಹೊಂದುವ ಮೋಡದ ಚಿತ್ರಗಳನ್ನು ಬರೆದುಕೊಡುವಂತೆ ಕೇಳಿದಾಗ, ಹಾಗೆ ಮೋಡಗಳನ್ನು ಕಟ್ಟಿಹಾಕಿದರೆ ನಿಸರ್ಗಚಿತ್ರವೇ ಸಾಯುತ್ತದೆಂದು ಆತ ಒಪ್ಪಲಿಲ್ಲ. ಹನ್ನೊಂದು ವರ್ಷ ಹಿಂದೆ, 1805ರಲ್ಲಿ, ವೈಮಾರ್‌ನ ಸ್ಪರ್ಧೆಯಲ್ಲಿ ತನಗೆ ಬಹುಮಾನ ಕೊಡಿಸಿದ್ದ ಅದೇ ಗಯಟೆಗೆ ಇಲ್ಲವೆನ್ನುವುದನ್ನು ನೀವು ಹಟವೆನ್ನುತ್ತೀರಿ. ನಾನು ಅದನ್ನು ವೃತ್ತಿಧರ್ಮವೆನ್ನುತ್ತೇನೆ.

ನನ್ನ ಬೇಸರ ನಿಮ್ಮೊಬ್ಬರ ಮೇಲಲ್ಲ. ನಾವೆಲ್ಲ ಕಲಾವಿದನ ಬದುಕನ್ನು ಲೆಕ್ಕದ ಪುಸ್ತಕದಂತೆ ಓದುತ್ತೇವೆ. ಚಿತ್ರವನ್ನು ಬೆರಳುದ್ದದ ಪರದೆಯಲ್ಲಿ ಕ್ಷಣಕಾಲ ಕಂಡು ತೀರ್ಪು ಕೊಡುತ್ತೇವೆ. ಸುಮಾರು 1.7 ಮೀಟರ್ ಅಗಲದ ಚಿತ್ರವನ್ನು ಅಂಗೈಯಗಲ ಅಚ್ಚು ಹಾಕಿದ ತಪ್ಪು ನಮ್ಮದೂ ಹೌದು.

ಹದಿಮೂರರ ವಯಸ್ಸಿನಲ್ಲಿ ಆತನ ಕಣ್ಣೆದುರೇ ತಮ್ಮನು ಮಂಜುಗಡ್ಡೆಯೊಡೆದ ನೀರಿನಲ್ಲಿ ಮುಳುಗಿ ಸತ್ತನೆಂದು ಹೇಳುತ್ತಾರೆ. ಬಹಳ ವರ್ಷಗಳ ಮೇಲೆ, 1823–24ರಲ್ಲಿ, ಒಡೆದ ಮಂಜುಗಡ್ಡೆಗಳ ರಾಶಿಯಡಿ ಹಡಗೊಂದು ನುಚ್ಚುನೂರಾದ ‘ಹಿಮಸಾಗರ’ವನ್ನು ಬರೆದನು. 1840ರಲ್ಲಿ ಡ್ರೆಸ್ಡನ್ನಿನಲ್ಲಿ ಸಾಯುವವರೆಗೂ ಅದು ಮಾರಾಟವಾಗಲಿಲ್ಲ. ಈಗ ಹ್ಯಾಂಬರ್ಗ್‌ನ ಕಲಾಸಂಗ್ರಹಾಲಯದಲ್ಲಿದೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಎರಡು ಪುಟಗಳ ಅಗಲಕ್ಕೆ ಅಚ್ಚು ಹಾಕುತ್ತೇವೆ; ನೋಡಿ ಮತ್ತೆ ಬರೆಯಿರಿ.