ಓದುಗರ ಪ್ರಶ್ನೆ: ಚರ್ಚಿಗೆ ಹೋದರೆ ಸಾಲದಾ, ಹೆಸರೂ ಹಚ್ಚಬೇಕಾ?

ಪ್ರಶ್ನೆ: ಅಕ್ಕಾ, ನನ್ನ ಊರು ಗುಳೇದಗುಡ್ಡ. ಈಗ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, ಟಿಳಕವಾಡಿಯ ಪಿಜಿಯಲ್ಲಿ ಇರುತ್ತೇನೆ. ದೀಕ್ಷಾಸ್ನಾನ (ಬ್ಯಾಪ್ಟಿಸಮ್), ದೃಢೀಕರಣ (ದೊಡ್ಡವಳಾದ ಮೇಲೆ ವಿಶ್ವಾಸವನ್ನು ಎಲ್ಲರೆದುರು ಒಪ್ಪಿಕೊಳ್ಳುವ ವಿಧಿ) ಎಲ್ಲ ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೇ ಆಗಿದೆ. ಇಲ್ಲಿ ಭಾನುವಾರ ಡ್ಯೂಟಿ ಇಲ್ಲದಿದ್ದರೆ ಒಂದು ವಾರ ಈ ಚರ್ಚು, ಒಂದು ವಾರ ಆ ಚರ್ಚು ಅಂತ ಹೋಗುತ್ತೇನೆ. ಡ್ಯೂಟಿ ಇದ್ದರೆ ರಾತ್ರಿ ಯೂಟ್ಯೂಬಿನಲ್ಲಿ ಪ್ರಸಂಗ ಕೇಳುತ್ತೇನೆ. ಅವ್ವ ಮಾತ್ರ ಫೋನ್ ಮಾಡಿದಾಗಲೆಲ್ಲ "ಊರಿಂದ ಲೆಟರ್ ಒಯ್ದು ಅಲ್ಲೊಂದು ಸಭೆಗೆ ಹೆಸರು ಹಚ್ಚು" ಅಂತಾಳೆ. ದೇವರಿಗೆ ನನ್ನ ಹೆಸರು ಗೊತ್ತಿಲ್ಲವಾ? ರಿಜಿಸ್ಟರಿನಲ್ಲಿ ಬರೆಸಿದರೆ ಏನು ಜಾಸ್ತಿ ಸಿಗುತ್ತದೆ?

ಉತ್ತರ: ದೇವರಿಗೆ ಗೊತ್ತು ತಂಗಿ. ಗೊತ್ತಿಲ್ಲದಿರುವುದು ನಿನ್ನ ಬೆಂಚಿನಲ್ಲೇ ಕೂತವರಿಗೆ.

ಏನು ಸಿಗುತ್ತದೆ ಅಂತ ಕೇಳಿದ್ದೀಯಲ್ಲ, ಅದನ್ನು ಮೊದಲು ಹೇಳಿ ಮುಗಿಸುತ್ತೇನೆ. ಮದುವೆ ಗೊತ್ತಾದರೆ ಆರಾಧನೆಯಲ್ಲಿ ಪ್ರಕಟಣೆ ಓದುತ್ತಾರೆ. ಮುಂದೆ ಮಗುವಿನ ದೀಕ್ಷಾಸ್ನಾನಕ್ಕೆ, ಸರ್ಟಿಫಿಕೇಟಿಗೆ ಓಡಾಟ ಕಡಿಮೆ. ಸತ್ತರೆ ಮಣ್ಣು ಮಾಡಲು ಜಾಗ. ಬಹಳ ಜನ ಇಷ್ಟಕ್ಕೇ ಹೆಸರು ಹಚ್ಚುತ್ತಾರೆ. ಅದು ತಪ್ಪೂ ಅಲ್ಲ ಬಿಡು, ಆದರೆ ಇಪ್ಪತ್ತೈದರ ಹುಡುಗಿಗೆ ಸಮಾಧಿಯ ಜಾಗ ತೋರಿಸಿ ಚರ್ಚಿಗೆ ಕರೆಯಲು ನನಗೆ ಮನಸ್ಸಿಲ್ಲ.

ನನ್ನ ಲೆಕ್ಕದಲ್ಲಿ ಸದಸ್ಯತ್ವ ಅಂದರೆ ಕೇಳುವ ಹಕ್ಕು. ಅವರು ನಿನ್ನನ್ನು ಕೇಳಬಹುದು, ನೀನು ಅವರನ್ನು ಕೇಳಬಹುದು.

ಮೊದಲು ಅವರ ಕಡೆಯಿಂದ ನೋಡು. ನಿನಗೆ ಡೆಂಗಿ ಬಂದು ಎರಡು ವಾರ ಪಿಜಿಯಲ್ಲೇ ಮಲಗಿದೆ ಅಂದುಕೋ. ಈ ಚರ್ಚಿನವರು ಆ ಚರ್ಚಿಗೆ ಹೋಗಿರಬೇಕು ಅಂದುಕೊಳ್ಳುತ್ತಾರೆ, ಆ ಚರ್ಚಿನವರು ಈ ಚರ್ಚಿಗೆ. ಯಾರದೂ ತಪ್ಪಲ್ಲ, ನೀನು ಯಾರ ಪಟ್ಟಿಯಲ್ಲೂ ಇಲ್ಲ ಅಷ್ಟೇ. ಯೂಟ್ಯೂಬಿನ ಪಾಸ್ಟರ್ ಎಷ್ಟೇ ಚೆನ್ನಾಗಿ ಪ್ರಸಂಗ ಮಾಡಲಿ, ಮೂರು ತಿಂಗಳು ನೀನು ಬರದಿದ್ದರೆ ಅವರಿಗೆ ತಿಳಿಯುವುದೇ ಇಲ್ಲ. ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅಂತ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದಲ್ಲಿ ಇದೆಯಲ್ಲ, 10ನೇ ಅಧ್ಯಾಯದ 25ನೇ ವಚನ, ಅಲ್ಲಿ ಕೂಡುವುದರ ಜೊತೆಗೇ ಒಬ್ಬರನ್ನೊಬ್ಬರು ಎಚ್ಚರಿಸುವ ಮಾತೂ ಇದೆ. ಎಚ್ಚರಿಸಬೇಕಾದರೆ ಗುರುತು ಬೇಕು. "ಯಾಕೆ ತಂಗಿ, ನಾಲ್ಕು ವಾರ ಆಯಿತು ಕಾಣಲಿಲ್ಲ?" ಅಂತ ಕೇಳುವವರು ಇದ್ದರೆ ಕಿರಿಕಿರಿ ಅನ್ನಿಸುತ್ತದೆ, ಒಪ್ಪಿದೆ. ಆ ಕಿರಿಕಿರಿ ಬೇಡ ಅಂತಲೇ ಎಷ್ಟೋ ಜನ ಹಿಂದಿನ ಬೆಂಚಿನಲ್ಲಿ ಕೂತು, ಕಡೇ ಹಾಡಿಗೆ ಎದ್ದು ಹೋಗುತ್ತಾರೆ. ನೀನೂ ಹಾಗೇ ಮಾಡುತ್ತೀಯ ಅಲ್ವಾ?

ಇನ್ನು ನೀನು ಕೇಳುವ ಹಕ್ಕು. ಇದರ ಬಗ್ಗೆ ಪ್ರಸಂಗದಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಬೀಗರ ಮನೆಗೆ ಉಣ್ಣಲು ಹೋದವಳು ಸಾರಿಗೆ ಉಪ್ಪು ಕಡಿಮೆ ಅನ್ನುವ ಹಾಗಿಲ್ಲ, ಎದ್ದು ಭಾಂಡೆ ತಿಕ್ಕಲು ಹೋದರೂ ಬಿಡುವುದಿಲ್ಲ. ನೀನು ಈಗ ಹಾಗೆ ಇದ್ದೀಯ. ಕಾಣಿಕೆ ಹಾಕುತ್ತೀಯ, ಅದು ಎಲ್ಲಿ ಹೋಯಿತು ಅಂತ ಕೇಳುವ ಜಾಗ ನಿನಗಿಲ್ಲ.

ನಮ್ಮ ಸಭೆಯಲ್ಲಿ ಒಮ್ಮೆ ವಾರ್ಷಿಕ ಲೆಕ್ಕ ಓದುತ್ತಿದ್ದರು. ಖಜಾಂಚಿ ಸರಸರ ಓದಿಕೊಂಡು ಹೋಗುತ್ತಿದ್ದರು, ಅರ್ಧ ಜನಕ್ಕೆ ಹೊರಗೆ ಬೇಯುತ್ತಿದ್ದ ಉಪ್ಪಿಟ್ಟಿನ ಮೇಲೇ ಗಮನ. ಹೊಲಿಗೆ ಮಾಡಿ ಬದುಕುವ ಒಬ್ಬ ವಿಧವೆ ಎದ್ದು ನಿಂತರು. ತಿಂಗಳ ಕವರಿನಲ್ಲಿ ಅವರು ಹಾಕುವುದು ಐವತ್ತು ರೂಪಾಯಿ. "ಶಾಮಿಯಾನದ ಬಾಡಿಗೆ ಎರಡು ಸಲ ಯಾಕೆ ಬಂತ್ರೀ?" ಅಂದರು. ಎಲ್ಲ ಸುಮ್ಮನಾದರು. ಖಜಾಂಚಿ ಕನ್ನಡಕ ಹಾಕಿಕೊಂಡು ಬಿಲ್ಲಿನ ಫೈಲು ತಿರುವಿ, ಒಂದು ಕ್ರಿಸ್‌ಮಸ್ಸಿನದು, ಇನ್ನೊಂದು ಈಸ್ಟರ್ ಬೆಳಗಿನ ಜಾವದ ಆರಾಧನೆಯದು ಅಂತ ತೋರಿಸಿದರು. ಮೋಸ ಏನೂ ಇರಲಿಲ್ಲ. ಆದರೆ ಮರುವರ್ಷದಿಂದ ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಆ ಅಮ್ಮ ಸುಮ್ನೆ ಬಂದು ಹೋಗುವವರಾಗಿದ್ದರೆ ಎದ್ದು ನಿಲ್ಲುತ್ತಿದ್ದರಾ? ನಿಂತರೂ "ನೀವ್ಯಾರ್ರೀ ಕೇಳೋಕೆ" ಅನ್ನುತ್ತಿದ್ದರು.

ಅವ್ವ ಹೇಳಿದ ಲೆಟರ್ ಹೊಸ ಪದ್ಧತಿ ಅಂದುಕೊಳ್ಳಬೇಡ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆದು ನೋಡು. ಕೊರಿಂಥದ ಹತ್ತಿರದ ಬಂದರು ಕೆಂಖ್ರೆ. ಅಲ್ಲಿನ ಸಭೆಯ ಸೇವಕಿ ಫೊಯಿಬೆಯನ್ನು ಸೇರಿಸಿಕೊಳ್ಳಿ, ಬೇಕಾದ ಸಹಾಯ ಮಾಡಿ ಅಂತ ಅಪೊಸ್ತಲ ಪೌಲ ಬರೆಯುತ್ತಾನೆ. ಊರು ಬಿಟ್ಟು ಊರಿಗೆ ಹೋದ ಹೆಣ್ಣುಮಗಳು, ಕೈಯಲ್ಲಿ ಒಂದು ಪತ್ರ. ಆ ಕಾಲದ ಬೋಧಕ ಅಪೊಲ್ಲೋಸ ಎಫೆಸದಿಂದ ಅಖಾಯಕ್ಕೆ ಹೊರಟಾಗಲೂ ಸಹೋದರರು ಹೀಗೇ ಬರೆದುಕೊಟ್ಟರು.

ಈಗ ಬೆಳಗಾವಿಯಲ್ಲಿ ಎಲ್ಲಿ ಅನ್ನುವ ಮಾತು. ನಿಮ್ಮ ಗುಳೇದಗುಡ್ಡದಲ್ಲಿ 1851ರಲ್ಲಿ ಕೆಲಸ ಶುರು ಮಾಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್, ಆ ಸಭೆ ಈಗ ಸಿಎಸ್‌ಐ. ಬೆಳಗಾವಿಗೆ 1820ರಲ್ಲೇ ಲಂಡನ್ ಮಿಶನ್ ಬಂದಿತ್ತು. ಅವರು 1904ರಲ್ಲಿ ಅದನ್ನು ಅಮೆರಿಕದ ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಸಭೆಗಳು ಕೂಡಿ ಸಿಎಸ್‌ಐ ಆದಾಗ ಬ್ರಿಟಿಷ್ ಮೆಥೊಡಿಸ್ಟರು ಅದರಲ್ಲಿ ಸೇರಿದರು, ಅಮೆರಿಕದ ಕಡೆಯವರು ಸೇರಲಿಲ್ಲ. ಅದಕ್ಕೇ ಇಲ್ಲಿ ನಿನಗೆ ಮೆಥೊಡಿಸ್ಟ್ ಅನ್ನುವ ಬೋರ್ಡು ಕಾಣುತ್ತದೆ. ಗಾಬರಿ ಬೇಡ, ಮಗುವಾಗಿದ್ದಾಗ ಆದ ದೀಕ್ಷಾಸ್ನಾನವನ್ನು ಅವರೂ ಒಪ್ಪುತ್ತಾರೆ. ಪೆಂತೆಕೊಸ್ತ್ ಅಥವಾ ಬ್ರದರನ್ ಸಭೆಗೆ ಹೋದರೆ ಮಾತ್ರ ನೀರಿನಲ್ಲಿ ಮುಳುಗಿಸುವ ದೀಕ್ಷಾಸ್ನಾನ ಮತ್ತೆ ಆಗಬೇಕು ಅನ್ನಬಹುದು. ಅದನ್ನು ಯೋಚಿಸಿಯೇ ಮಾಡು, ಗೆಳತಿ ಕರೆದಳು ಅಂತಲ್ಲ.

ಹೆಸರು ಹಚ್ಚುವ ಮುಂಚೆ ಒಂದೇ ಸಭೆಗೆ ಕೆಲವು ತಿಂಗಳು ಬಿಡದೆ ಹೋಗು. ಹಾಡು, ಪ್ರಸಂಗ ಹೇಗಿದೆ ಅನ್ನುವುದಕ್ಕಿಂತ ಬೇರೆಯದನ್ನು ನೋಡು. ಲೆಕ್ಕ ಎಲ್ಲರ ಮುಂದೆ ಓದುತ್ತಾರಾ? ಕಾರಿನಲ್ಲಿ ಬಂದವರಿಗೂ ಮನೆಕೆಲಸಕ್ಕೆ ಹೋಗುವವರಿಗೂ ಒಂದೇ ಥರ ಕೈ ಕೊಡುತ್ತಾರಾ? ಸಭಾಪಾಲಕರಿಗೆ ಎದುರು ಪ್ರಶ್ನೆ ಹಾಕಿದರೆ ಮುಖ ಗಂಟಿಕ್ಕುತ್ತಾರಾ? ಪ್ರಶ್ನೆ ಕೇಳಿದವರನ್ನು ದೇವರ ವಿರೋಧಿ ಅನ್ನುವ ಕಡೆ ಹೆಸರು ಹಚ್ಚಲೇಬೇಡ, ಎಷ್ಟೇ ಚೆನ್ನಾಗಿ ಗಿಟಾರ್ ಬಾರಿಸಲಿ.

ಸರಿ ಅನ್ನಿಸಿದರೆ ಊರಿನ ಸಭಾಪಾಲಕರಿಂದ ವರ್ಗಾವಣೆ ಪತ್ರ ತರಿಸಿಕೋ. ದೃಢೀಕರಣ ಆದದ್ದೂ ಅದರಲ್ಲಿ ಬರಲಿ. ಪತ್ರ ಕೊಡುವಾಗಲೇ ಶಿಫ್ಟಿನ ವಿಷಯ ಹೇಳಿಬಿಡು. ಭಾನುವಾರ ಬರಲಾಗದಿದ್ದರೆ ವಾರದ ಮನೆ ಪ್ರಾರ್ಥನೆ ಇರುತ್ತದೆ. ಸಭೆಯ ಚುನಾವಣೆಯಲ್ಲಿ ಓಟು ಹಾಕಲು ವಯಸ್ಸು, ಚಂದಾ ಅಂತ ನಿಯಮ ಇರುತ್ತವೆ, ಅವನ್ನೂ ಕೇಳಿಕೋ. ಮತ್ತೆ ಸಭೆಯ ಸುಗ್ಗಿ ಹಬ್ಬ ತಪ್ಪಿಸಬೇಡ. ಜನ ಕಾಣಿಕೆಯಾಗಿ ತಂದದ್ದರ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಐನೂರು ರೂಪಾಯಿ ಕೂಗಿ, ಗೆದ್ದವರು ಅದನ್ನೇ ಮತ್ತೆ ಹರಾಜಿಗೆ ಬಿಡುವ ಆ ಗದ್ದಲದಲ್ಲಿ ಆಗುವ ಪರಿಚಯ ವರ್ಷವಿಡೀ ಬೆಂಚಿನಲ್ಲಿ ಕೂತರೂ ಆಗುವುದಿಲ್ಲ.

ಪ್ರಶ್ನೆ: ಮುಳುಗಡೆಯಾದ ಮೇಲೆ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದೆವು. ಹೆಸರು ಹಳೇ ಸಭೆಯಲ್ಲೇ ಇದೆ, ಚಂದಾ ಕೊಟ್ಟು ವರ್ಷಗಳಾದವು. ಅಪ್ಪನಿಗೆ ಈಗ ಹುಷಾರಿಲ್ಲ. "ಬಾಕಿ ತೀರಿಸದಿದ್ದರೆ ಸ್ಮಶಾನದಲ್ಲಿ ಜಾಗ ಇಲ್ಲ" ಅಂತ ಸಮಿತಿಯವರೊಬ್ಬರು ಅಂದರು. ಇದು ಸರಿಯಾ?

ಉತ್ತರ: ಸರಿಯಲ್ಲ. ಹುಷಾರಿಲ್ಲದ ಮನುಷ್ಯನ ಮನೆಯವರ ಹತ್ತಿರ ಆಡುವ ಮಾತೇ ಅಲ್ಲ ಅದು. ಮೊದಲ ಕಾಲದ ಸಭೆಯಲ್ಲೂ ಪಟ್ಟಿ ಇತ್ತು. ತಿಮೊಥೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಅರವತ್ತು ದಾಟಿದ ವಿಧವೆಯರ ಹೆಸರು ಪಟ್ಟಿಗೆ ಸೇರಿಸುವ ಮಾತಿದೆ. ದಿಕ್ಕಿಲ್ಲದವರನ್ನು ಸಭೆ ನೋಡಿಕೊಳ್ಳಬೇಕು ಅನ್ನುವ ವಿಚಾರದ ನಡುವೆ ಬರುವ ಪಟ್ಟಿ ಅದು, ಬಾಕಿ ವಸೂಲಿಯದಲ್ಲ.

ಒಬ್ಬರ ಬಾಯಿಮಾತಿಗೆ ಕಾಯಬೇಡಿ. ಸಭಾಪಾಲಕರಿಗೆ ಇವತ್ತೇ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಹಾಗೆ ನಿಯಮ ಇದ್ದರೆ ತೋರಿಸಲಿ. ನಿಮ್ಮದು ಸಿಎಸ್‌ಐ ಆಗಿದ್ದರೆ ಉತ್ತರ ಬಾರದಾಗ ಧಾರವಾಡದ ಡಯಾಸಿಸ್ (ಬಿಷಪರ ಆಡಳಿತ) ಕಚೇರಿಗೆ ಬರೆಯಬಹುದು. ಆದರೆ ಅಣ್ಣಾ, ನಿಮಗೂ ಒಂದು ಮಾತು. ಚಂದಾ ಹೋಗಲಿ, ಇಷ್ಟು ವರ್ಷ ಒಂದು ಭಾನುವಾರವಾದರೂ ಅಪ್ಪನನ್ನು ಆಟೋದಲ್ಲಿ ಕೂಡಿಸಿಕೊಂಡು ಆ ಸಭೆಗೆ ಹೋಗಿದ್ದೀರಾ? ಹೋಗದಿದ್ದರೆ ಸಭಾಪಾಲಕರನ್ನೇ ಮನೆಗೆ ಕರೆಯಿರಿ, ಅಪ್ಪನಿಗೆ ಮನೆಯಲ್ಲೇ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಡುತ್ತಾರೆ. ಜಾಗದ ಮಾತು ಆಮೇಲೆ ಆಗಲಿ.

ಪ್ರಶ್ನೆ: ನಾನು ವಿಜಯಪುರದವಳು, ಮೆಥೊಡಿಸ್ಟ್. ನೋಡಿರುವ ಹುಡುಗ ಕಥೊಲಿಕ. ಮದುವೆಯಾದ ಮೇಲೆ ನನಗೆ ಮತ್ತೆ ಸ್ನಾನದೀಕ್ಷೆ ಮಾಡಿಸುತ್ತಾರಾ? ಅವರ ಚರ್ಚಿನಲ್ಲಿ ಸದಸ್ಯತ್ವ ಹೇಗೆ?

ಉತ್ತರ: ನೀರಿನಿಂದ, ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ಮತ್ತೆ ಮಾಡುವುದಿಲ್ಲ. ಮದುವೆಯಾದ ಮಾತ್ರಕ್ಕೆ ನೀವು ಕಥೊಲಿಕರಾಗುವುದೂ ಇಲ್ಲ, ನಿಮ್ಮ ಸಭೆಯಲ್ಲೇ ಇರಬಹುದು. ಅವರಲ್ಲಿ ಸದಸ್ಯತ್ವದ ರೀತಿಯೇ ಬೇರೆ. ಕಥೊಲಿಕರು ಯಾವ ಧರ್ಮಕೇಂದ್ರದ (ಪ್ಯಾರಿಷ್) ಗಡಿಯೊಳಗೆ ವಾಸ ಮಾಡುತ್ತಾರೋ ಆ ಕೇಂದ್ರದವರೇ, ಮೂರು ತಿಂಗಳು ಇರುವ ಉದ್ದೇಶದಿಂದ ಬಂದರೂ ಸಾಕು. ದೃಢೀಕರಣ, ಮದುವೆ ಎಲ್ಲವನ್ನೂ ಸ್ನಾನದೀಕ್ಷೆಯ ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಬರೆಯುತ್ತಾರೆ.

ಮದುವೆಗೆ ಅವರ ಧರ್ಮಾಧ್ಯಕ್ಷರ (ಬಿಷಪ್) ಕಡೆಯಿಂದ ಅನುಮತಿ ಬೇಕು. ಅದಕ್ಕೆ ಮುಂಚೆ, ಹುಟ್ಟುವ ಮಕ್ಕಳನ್ನು ಕಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಹುಡುಗ ಮಾತು ಕೊಡಬೇಕಾಗುತ್ತದೆ, ಅದನ್ನು ನಿಮಗೂ ತಿಳಿಸಬೇಕು. ಇದು ನಿಮಗೆ ಒಪ್ಪಿಗೆಯಾ ಅಂತ ನಿಶ್ಚಯಕ್ಕೆ ಸೀರೆ ಆರಿಸುವ ಮುಂಚೆಯೇ ಇಬ್ಬರೂ ಕೂತು ಮಾತಾಡಿ. ಫಾದರ್ ಎದುರಿಗೆ ಕೂತಾಗ ಮೊದಲ ಸಲ ಕೇಳಿಸಿಕೊಳ್ಳುವುದು ಬೇಡ.