ಲೇತ್ ಮೊದಲೋ, ಮಿಲ್ಲಿಂಗ್ ಮಷೀನ್ ಮೊದಲೋ?

ಪ್ರಶ್ನೆ: ಮನೆಯ ಸಣ್ಣ ಕೋಣೆಯೊಂದರಲ್ಲಿ ವರ್ಕ್‌ಶಾಪ್ ಮಾಡಿಕೊಳ್ಳುತ್ತಿದ್ದೇನೆ. ಚಿಕ್ಕ ಉಗಿ ಎಂಜಿನ್ ಮಾದರಿಗಳು, ಸೈಕಲ್‌ಗೆ ಬೇಕಾದ ಬುಶ್, ಪಿನ್ ಇಂಥವನ್ನು ಮಾಡುವ ಆಸೆ. ಲೇತ್, ಮಿಲ್ಲಿಂಗ್ ಎರಡೂ ಸೇರಿದ ಕಾಂಬಿನೇಷನ್ ಮಷೀನ್ ತಗೊಂಡರೆ ಜಾಗ ಉಳಿಯುತ್ತದಲ್ಲವೇ? ಹೊಸ ಮಿನಿ ಲೇತ್ ಒಳ್ಳೆಯದೋ, ಹಳೆಯ ದೊಡ್ಡದೋ?

ಉತ್ತರ: ಜಾಗ ಉಳಿಯುತ್ತದೆ, ತಾಳ್ಮೆ ಉಳಿಯುವುದಿಲ್ಲ. ಲೇತ್‌ನಲ್ಲಿ ತಿರುಗುವುದು ಕತ್ತರಿಸಬೇಕಾದ ತುಂಡು, ಅಂದರೆ ಜಾಬ್; ಮಿಲ್‌ನಲ್ಲಿ ತಿರುಗುವುದು ಕಟರ್. ಕಾಂಬಿನೇಷನ್ ಮಷೀನ್‌ನಲ್ಲಿ ಸಾಮಾನ್ಯವಾಗಿ ಲೇತ್‌ನ ಕ್ರಾಸ್ ಸ್ಲೈಡೇ (ಟೂಲನ್ನು ಅಡ್ಡಕ್ಕೆ ಜರುಗಿಸುವ ಭಾಗ) ಮಿಲ್ಲಿಂಗ್ ಟೇಬಲ್. ಅದು ಕಿರಿದು, ಮೇಲೆ ವೈಸ್ ಕೂರಿಸಿದರೆ ಕಟರ್‌ಗೆ ಎತ್ತರವೇ ಸಾಲದು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಬಿಚ್ಚು, ಜೋಡಿಸು. ಅರ್ಧ ಆದ ಜಾಬನ್ನು ಅದನ್ನು ಕಚ್ಚಿ ಹಿಡಿಯುವ ಚಕ್‌ನಿಂದ ಒಮ್ಮೆ ತೆಗೆದರೆ ಮತ್ತೆ ಅದೇ ಸೆಂಟರಿಗೆ ತರಲು ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಹಿಡಿದು ಪರದಾಡಬೇಕು.

ಲೇತನ್ನೇ ಮೊದಲು ತಗೊಳ್ಳಿ. ನೀವು ಹೇಳಿದ ಬುಶ್, ಪಿನ್, ಪಿಸ್ಟನ್, ಫ್ಲೈವೀಲ್ ಎಲ್ಲವೂ ದುಂಡಗಿನ ಕೆಲಸ. ಕ್ರಾಸ್ ಸ್ಲೈಡ್ ಮೇಲೆ ಜಾಬನ್ನು ಮೇಲೆ ಕೆಳಗೆ ಜರುಗಿಸುವ ವರ್ಟಿಕಲ್ ಸ್ಲೈಡ್ ಕೂರಿಸಿದರೆ ಕೀವೇ (ಕೀ ಕೂರುವ ತೋಡು) ಹೊಡೆಯುವುದು, ಒಂದು ಮಗ್ಗುಲು ಚಪ್ಪಟೆ ಮಾಡುವುದು ಮುಂತಾದ ಹಗುರ ಮಿಲ್ಲಿಂಗ್ ಕೂಡ ಆಗುತ್ತದೆ. ಆಗ ಕಟರ್ ಚಕ್‌ನ ಜಾಗಕ್ಕೆ ಹೋಗುತ್ತದೆ; ಅದನ್ನು ಹಿಡಿಯಲು ಕಾಲೆಟ್ (ಸುತ್ತಲೂ ಬಿಗಿಯುವ ಸೀಳು ಕೊಳವೆ) ಬಳಸಿ. ಮೂರು ಜಾ ಚಕ್‌ನಲ್ಲಿ ಅದು ಮೆಲ್ಲಗೆ ಜಾರುತ್ತದೆ. ಡ್ರಿಲ್ಲಿಂಗ್ ಮಷೀನನ್ನೇ ಮಿಲ್ ಮಾಡಿಕೊಳ್ಳುವ ಯೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಪಕ್ಕದಿಂದ ಒತ್ತಡ ಬಿದ್ದಾಗ ಚಕ್ ಹಿಡಿದಿರುವ ಟೇಪರ್ (ಶಂಕುವಿನಾಕಾರದ ಕೂಡು) ಸಡಿಲಾಗಿ, ತಿರುಗುತ್ತಿರುವ ಚಕ್ಕೇ ಕಳಚಿ ಬೀಳಬಹುದು.

ಇನ್ನು ಅಳತೆ. ಮಿನಿ ಲೇತ್ ಮೇಲೆ 180×350 ಎಂದು ಬರೆದಿರುತ್ತದೆ. 180 ಮಿ.ಮೀ. ಎಂದರೆ ಬೆಡ್ (ಲೇತ್‌ನ ಉದ್ದನೆಯ ತಳದ ಹಳಿ) ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ. ಕ್ರಾಸ್ ಸ್ಲೈಡ್ ಮೇಲೆ ಹಾದುಹೋಗುವ ವ್ಯಾಸ ಅದಕ್ಕಿಂತ ಬಹಳ ಕಡಿಮೆ, ಅದನ್ನು ಬೇರೆಯಾಗಿ ಕೇಳಿ. 350 ಎಂಬುದು ಎರಡು ಸೆಂಟರ್‌ಗಳ, ಅಂದರೆ ಜಾಬನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳ, ನಡುವಿನ ದೂರ. ಅದರಲ್ಲಿ ಚಕ್‌ಗೆ 70, ಎದುರು ತುದಿಯ ಟೇಲ್‌ಸ್ಟಾಕ್‌ನ ಡ್ರಿಲ್ ಚಕ್‌ಗೆ 80, ಹೊರಚಾಚಿದ ಡ್ರಿಲ್ ಬಿಟ್‌ಗೆ 100 ಕಳೆಯಿರಿ. ತೂತು ಹೊಡೆಯಬೇಕಾದ ಜಾಬ್‌ಗೆ ಉಳಿದದ್ದು 100 ಮಿ.ಮೀ. ಅಷ್ಟೇ! ನೀವು ಮಾಡಬೇಕೆಂದಿರುವ ಅತಿ ದೊಡ್ಡ ಭಾಗವನ್ನು ಕಾಗದದ ಮೇಲೆ ಬರೆದು ಈ ಲೆಕ್ಕಕ್ಕೆ ಹಾಕಿ ನೋಡಿ.

ಹೊಸದೋ ಹಳೆಯದೋ ಎಂದರೆ, ಸವೆಯದ ಹಳೆಯ ಭಾರದ ಲೇತ್‌ಗೇ ನನ್ನ ಮತ. ಸುಮಾರು 40 ಕೆ.ಜಿ. ತೂಗುವ ಮಿನಿ ಲೇತ್ ಉಕ್ಕನ್ನು ತುಸು ಆಳಕ್ಕೆ ಕತ್ತರಿಸುವಾಗ ನಡುಗಿ, ಜಾಬ್ ಮೇಲೆ ಅಲೆ ಮೂಡಿಸುತ್ತದೆ. ಭಾರದ ಬೆಡ್ ಆ ನಡುಕವನ್ನು ನುಂಗಿಕೊಳ್ಳುತ್ತದೆ. ಆದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬೆಡ್ ಹೆಚ್ಚು ಸವೆಯುವುದು ಚಕ್ ಹತ್ತಿರ. ಕ್ಯಾರೇಜನ್ನು (ಟೂಲ್ ಹೊತ್ತು ಬೆಡ್ ಮೇಲೆ ಜರುಗುವ ಭಾಗ) ಅಲ್ಲಿಗೆ ತಂದು, ಕಷ್ಟಪಟ್ಟು ಜರುಗುವಷ್ಟು ಅದರ ಲಾಕ್ ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ಹ್ಯಾಂಡಲ್ ತಿರುಗಿಸಿ. ನಡುದಾರಿಯಲ್ಲಿ ಸಿಕ್ಕಿಕೊಂಡು ನಿಂತರೆ ಚಕ್ ಬಳಿ ಸವೆತ ಇದೆ ಎಂದೇ ಅರ್ಥ. ಆಮೇಲೆ ಚಕ್‌ಗೆ ಉದ್ದನೆಯ ಸರಳು ಕಚ್ಚಿಸಿ, ಚಕ್ ತಿರುಗಿಸುವ ದಂಡದ, ಅಂದರೆ ಸ್ಪಿಂಡಲ್‌ನ, ಮೂತಿಗೆ ಡಯಲ್ ಗೇಜ್ ತಾಗಿಸಿ, ಸರಳನ್ನು ಮೇಲಕ್ಕೆತ್ತಿ ನೋಡಿ. ಮುಳ್ಳು 0.1 ಮಿ.ಮೀ. ಓಡಿದರೆ ಬೇರಿಂಗ್ ಅಡ್ಜಸ್ಟ್ ಮಾಡಿ ತೋರಿಸಲು ಹೇಳಿ. ಥ್ರೆಡ್ ಕತ್ತರಿಸಲು ಬದಲಿಸುವ ಚೇಂಜ್ ಗೇರ್‌ಗಳನ್ನು ಒಂದೊಂದಾಗಿ ಎಣಿಸಿ. ನಾನು ಎಣಿಸದೆ ತಂದಿದ್ದೆ. ಎರಡು ಕಡಿಮೆ ಇದ್ದವು, ಒಂದು ವರ್ಷ ಥ್ರೆಡ್ ಕಟಿಂಗ್ ಮಾಡಲಾಗಲಿಲ್ಲ. ತ್ರೀ ಫೇಸ್ ಮೋಟರ್ ಇದೆ ಎಂದು ಹಿಂಜರಿಯಬೇಡಿ, ತಕ್ಕ ವಿಎಫ್‌ಡಿ (ಮೋಟರ್‌ಗೆ ಬೇಕಾದ ಹಾಗೆ ಕರೆಂಟ್ ಬದಲಿಸಿ ಕೊಡುವ ಪೆಟ್ಟಿಗೆ) ಹಾಕಿಸಿದರೆ ಅದು ಮನೆಯ ಸಿಂಗಲ್ ಫೇಸ್‌ನಲ್ಲೇ ಓಡುತ್ತದೆ, ವೇಗವೂ ಕೈಗೆ ಸಿಗುತ್ತದೆ.

ಮುಂದೆ ಮಿಲ್ ತಗೊಳ್ಳುವಾಗ ದುಂಡು ಕಂಬದ್ದು ಬೇಡ. ಹೆಡ್ ಮೇಲೆ ಕೆಳಗೆ ಮಾಡಿದಾಗ ಅದು ಪಕ್ಕಕ್ಕೂ ತಿರುಗಿ, ಹಿಡಿದಿದ್ದ ಸೆಂಟರ್ ತಪ್ಪುತ್ತದೆ. ಓರೆ ಅಂಚಿನ ಹಳಿಯುಳ್ಳ ಡವ್‌ಟೇಲ್ ಕಂಬಕ್ಕೆ ಆ ರೋಗವಿಲ್ಲ. ಸ್ಪಿಂಡಲ್ ಒಳಗಿನ ಟೇಪರ್ ಆರ್8 ಎಂಬ ಬಗೆಯದಾಗಿದ್ದರೆ ಕಾಲೆಟ್ ಸುಲಭವಾಗಿ ಬಿಡುತ್ತದೆ; ಮೋರ್ಸ್ ಟೇಪರ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಬಡಿದು ಬಿಡಿಸಬೇಕು.

ಕೈಯಲ್ಲಿರುವ ಹಣವನ್ನೆಲ್ಲ ಮಷೀನ್‌ಗೇ ಸುರಿಯಬೇಡಿ, ಹತ್ತಿರ ಹತ್ತಿರ ಅರ್ಧ ಬದಿಗಿಡಿ. ನಾಲ್ಕು ಜಾ ಚಕ್, ಡಯಲ್ ಗೇಜ್, ಮೈಕ್ರೋಮೀಟರ್, ಡ್ರಿಲ್ ಚಕ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಅದನ್ನು ಹರಿತ ಮಾಡಲು ಗ್ರೈಂಡರ್ ಬೇಕೇ ಬೇಕು. ಗ್ರೈಂಡರನ್ನು ಮಾತ್ರ ಲೇತ್‌ನಿಂದ ದೂರ, ಸಾಧ್ಯವಾದರೆ ಕೋಣೆಯ ಹೊರಗೇ ಇಡಿ. ಅದರ ಕಲ್ಲಿನ ಪುಡಿ ಬೆಡ್‌ನ ಎಣ್ಣೆಗೆ ಅಂಟಿಕೊಂಡರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ.