ಡಿಸ್ನಿಯಲ್ಲಿ ಸೊಳ್ಳೆ ಇಲ್ಲ, ನಮ್ಮ ಹೋಂಸ್ಟೇಯಲ್ಲಿ ಯಾಕೆ?

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸೊಳ್ಳೆಯೇ ಕಾಣಲಿಲ್ಲ, ತೀರ್ಥಹಳ್ಳಿಯ ನಮ್ಮ ಹೋಂಸ್ಟೇಗೆ ಅಂಥ ಔಷಧಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ.

ಅಲ್ಲಿ ಔಷಧಿ ಹೊಡೆಯುವುದೂ ಇದೆ. ಆದರೆ ಜಾಸ್ತಿ ಕೆಲಸ ಮಾಡಿದ್ದು ಕಾಲುವೆ. ಅದು ಮೊದಲು ಜೌಗು ಜಾಗ. 1971ರಲ್ಲಿ ಪಾರ್ಕ್ ತೆರೆಯುವ ಮೊದಲೇ ಕಾಲುವೆ ತೋಡಿ ನೀರು ನಿಲ್ಲದ ಹಾಗೆ ಮಾಡಿದರು. ಕೋಳಿಗಳನ್ನೂ ಸಾಕುತ್ತಾರೆ, ತಿನ್ನಲಿಕ್ಕಲ್ಲ! ಅವುಗಳ ರಕ್ತ ಪರೀಕ್ಷಿಸಿದರೆ ಸೊಳ್ಳೆಗಳಲ್ಲಿ ವೆಸ್ಟ್ ನೈಲ್ ಅನ್ನೋ ಜ್ವರದ ವೈರಸ್ ಓಡಾಡುತ್ತಿದೆಯಾ ಅಂತ ಗೊತ್ತಾಗುತ್ತದೆ.

ನಿಮ್ಮಲ್ಲಿ ಮೊದಲು ನೋಡಬೇಕಾದ್ದು ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಒಂದೇ ಮಳೆಗೆ ನೀರು ತುಂಬಿಕೊಳ್ಳುತ್ತದೆ. ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ಹೆಕ್ಕಿಸಿ, ಇಲ್ಲಾ ಮಗುಚಿ ಹಾಕಿಸಿ. ಸಿಮೆಂಟ್ ತೊಟ್ಟಿಗೆ ಗಪ್ಪಿ ಮೀನು ಬಿಡಿ. ಹಳ್ಳ, ಕೆರೆಗೆ ಮಾತ್ರ ಬೇಡ, ಊರಿನ ಮೀನುಗಳಿಗೆ ತೊಂದರೆ. ಸುಮ್ನೆ ಫಾಗಿಂಗ್ ಮಷಿನ್‌ಗೆ ದುಡ್ಡು ಹಾಕಬೇಡಿ.

ಮಂಗನ ಕಾಯಿಲೆ ಹರಡುವ ಉಣುಗಿನ ವಿಷಯಕ್ಕೆ ಮಾತ್ರ ಡಿಸ್ನಿ ಲೆಕ್ಕ ನಡೆಯುವುದಿಲ್ಲ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಅಲ್ವಾ? ಬೇಸಿಗೆಯಲ್ಲಿ ಅತಿಥಿಗಳು ಕಾಡಿಗೆ ಹೊರಟರೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಸಿ ಕಳಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.